ಗಾಳಿಯಲ್ಲ ಲೆಗಿನಕ್ಕಾ, ಎದೆ!

ಜಾವಾದ ಕ್ಲಾತೆನ್ ಕಡೆಯ ನಮ್ಮೂರಲ್ಲಿ ತಲೆ ಸಿಡಿದರೂ ಗಾಳಿ, ಹೊಟ್ಟೆ ಉಬ್ಬಿದರೂ ಗಾಳಿ, ಮೈಕೈ ನೋವಿಗಂತೂ ಗಾಳಿಯೇ. ಮೈಯೊಳಗೆ ಗಾಳಿ ಹೊಕ್ಕಿತು ಅಂದರೆ ಎಲ್ಲರೂ ಓಡುವುದು ಲೆಗಿನಾಳ ಮನೆಗೆ. ಬೆನ್ನಿಗೆ ಎಣ್ಣೆ ಸವರಿ, ಅಜ್ಜಿ ಕಾಲದ ದಪ್ಪ ನಾಣ್ಯದಿಂದ ಅವಳು ಪರಪರ ಗೀಚಿದರೆ ಕೆಂಪು ಗೆರೆ ಏಳುತ್ತಿತ್ತು. "ನೋಡಿ, ಗಾಳಿ ಹೊರಗೆ ಬಂತು!" ಎಂದು ಬೀಗುತ್ತಿದ್ದಳು. ಯಾಕೆ ಬೀಗಬಾರದು? ಗೀಚಿಸಿಕೊಂಡವರು ಹಾಯಾಗಿ ನಿದ್ದೆ ಹೋಗುತ್ತಿದ್ದರಲ್ಲ!

ಆ ಶುಕ್ರವಾರ ಬೆಳಿಗ್ಗೆ ಊರಿಗೆ ಊರೇ ಕುಣಿಯುತ್ತಿತ್ತು. ಭಾನುವಾರ ಕೇರಿ ಕೇರಿಗಳ ನಡುವೆ ಹಾಡಿಗೆ ಕುಣಿಯುವ ವ್ಯಾಯಾಮ ಸ್ಪರ್ಧೆ, ಅದಕ್ಕೇ ಈ ತಾಲೀಮು! ವಾಲಿಬಾಲ್ ಅಂಗಳದಲ್ಲಿ ಹಾಡು ಮೊಳಗುತ್ತಿತ್ತು, ಆರೋಗ್ಯ ಕಾರ್ಯಕರ್ತೆ ಮುರ್ತಿನಿ ಸೀಟಿ ಊದುತ್ತಿದ್ದಳು. ಮುಂದಿನ ಸಾಲಿನಲ್ಲೇ ಲೆಗಿನಾಳ ಗಂಡ ಸರ್ಜೋನೊ. ಐವತ್ತೆಂಟರ ಆಸಾಮಿ, ಲವಂಗದ ಸಿಗರೇಟು ಬಾಯಿಂದ ಇಳಿದದ್ದೇ ಇಲ್ಲ. ರಕ್ತದೊತ್ತಡ ನೋಡುತ್ತೇನೆ ಬಾ ಎಂದು ಮುರ್ತಿನಿ ಮೂರು ತಿಂಗಳಿಂದ ಕರೆದರೂ "ನನಗೇನಾಗಿದೆ ಧಾಡಿ?" ಎಂದು ನಕ್ಕು ತಪ್ಪಿಸಿಕೊಂಡವನು.

ಎರಡನೇ ಹಾಡಿಗೆ ಅವನು ಕಟ್ಟೆ ಮೇಲೆ ಕುಸಿದು ಕೂತ. ಮುಖ ಬಿಳಿಚಿಕೊಂಡಿತ್ತು, ಅಂಗಿ ಬೆವರಲ್ಲಿ ತೊಯ್ದಿತ್ತು, ಮುಟ್ಟಿದರೆ ಮೈ ತಣ್ಣಗೆ.

"ಏನಿಲ್ಲ, ಏನಿಲ್ಲ. ನೀವು ಕುಣೀರಿ" ಎಂದು ನಗಲು ನೋಡಿದ. ನಮ್ಮವರೇ ಹಾಗೆ, ಪ್ರಾಣ ಹೋಗುತ್ತಿದ್ದರೂ ಪಕ್ಕದವರಿಗೆ ತೊಂದರೆ ಆದೀತೆಂದು ಸಂಕೋಚ!

ಲೆಗಿನಾ ಓಡಿ ಬಂದಳು. "ಗಾಳಿ ಕೂತ್ಬಿಟ್ಟಿದೆ! ಅಂಗಿ ಎತ್ರೀ." ಚೀಲದಿಂದ ನಾಣ್ಯ ಹೊರಬಂದೇ ಬಿಟ್ಟಿತು. ಎರಡು ಗೆರೆ ಎಳೆದಳು, ಕೆಂಪಗೆ ಎದ್ದವು.

ಮುರ್ತಿನಿ ಸೀಟಿ ಬಿಸಾಕಿ ಬಂದಳು. "ಅಣ್ಣಾ, ಎದೆ ಹೇಗಿದೆ?"

"ಕಲ್ಲು ಹೇರಿದ ಹಾಗಿದೆ ಕಣಮ್ಮ. ಎಡಗೈಗೂ ಇಳೀತಿದೆ, ದವಡೆಗೂ..."

"ಅಕ್ಕಾ, ನಿಲ್ಸು! ಇದು ಗಾಳಿಯಲ್ಲ, ಹೃದಯಾಘಾತದ ಹಾಗಿದೆ!" ಎಂದವಳೇ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಲೆಗಿನಾ ಕೆರಳಿದಳು. "ನೀನು ಹುಟ್ಟೋಕೆ ಮುಂಚೆಯಿಂದ ಗೀಚ್ತಿದೀನಿ, ನನಗೇ ಹೇಳ್ಕೊಡ್ತೀಯಾ? ಗಾಳಿ ಅಲ್ದಿದ್ರೆ ಇಷ್ಟು ಕೆಂಪಾಗುತ್ತಾ? ಮನೆಗೆ ಕರ್ಕೊಂಡು ಹೋಗ್ತೀನಿ, ಮಲಗಿ ಎದ್ರೆ ಸರಿಹೋಗ್ತಾರೆ."

ಮುರ್ತಿನಿ ವಾದಕ್ಕೆ ನಿಲ್ಲಲಿಲ್ಲ. ಅಂಗಿಯ ತೋಳು ಮಡಚಿ ಕೈ ಚಾಚಿದಳು. "ನನಗೆ ಗೀಚು. ಒಂದು ಸೀನೂ ಇಲ್ಲ ನನಗೆ. ಗೀಚಕ್ಕಾ, ಬೇಗ!"

ಲೆಗಿನಾ ರೋಷದಲ್ಲೇ ಗೀಚಿದಳು. ಕೆಂಪು! ಗಂಡನ ಬೆನ್ನ ಮೇಲಿದ್ದ ಕೆಂಪೇ ಗುಂಡುಕಲ್ಲಿನ ಹಾಗಿರುವ ಹುಡುಗಿಯ ಕೈಯಲ್ಲೂ!

"ಉಜ್ಜಿದ್ರೆ ಯಾರ ಚರ್ಮ ಆದ್ರೂ ಕೆಂಪಾಗುತ್ತೆ. ಗೆರೆ ನಂಬಿ ಕೂತ್ರೆ ಅಣ್ಣ ಉಳಿಯಲ್ಲ."

ಲೆಗಿನಾ ನಾಣ್ಯ ಕೆಳಗಿಟ್ಟಳು. ಹೋದ ವರ್ಷ ಹೀಗೇ ಎದೆ ಬಿಗಿಯುತ್ತದೆಂದು ಬಂದು, ತನ್ನ ಕೈಯಲ್ಲೇ ಗೀಚಿಸಿಕೊಂಡು, ಮಲಗಿದಲ್ಲೇ ಹೋದ ತಮ್ಮ ಅವಳ ಕಣ್ಣ ಮುಂದೆ ಬಂದ. ಅವನ ಬೆನ್ನೂ ಕೆಂಪಗೇ ಇತ್ತು.

"ಏನ್ರೋ ನೋಡ್ತಾ ನಿಂತಿದೀರಾ? ಎತ್ರೋ!" ಎಂದು ಕೂಗಿದಳು.

ಆಂಬುಲೆನ್ಸ್ ಗದ್ದೆ ರಸ್ತೆಗೆ ಬರುವಷ್ಟರಲ್ಲಿ ನಾಲ್ವರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು, ಒಂದು ಹೆಜ್ಜೆಯೂ ನಡೆಸಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ವೈದ್ಯರು. ಸರ್ಜೋನೊ ಬದುಕಿದ! ಅವನಿಲ್ಲದೆಯೂ ನಮ್ಮ ಕೇರಿ ಸ್ಪರ್ಧೆ ಗೆದ್ದಿತು, ಗೆದ್ದ ಕಪ್ ಹೋದದ್ದು ಸೀದಾ ಆಸ್ಪತ್ರೆಯ ಮಂಚಕ್ಕೆ.

ಈಗಲೂ ಬೆನ್ನು ನೋವು ಎಂದವರಿಗೆ ಲೆಗಿನಾ ಗೀಚುತ್ತಾಳೆ. ಆದರೆ ಮೊದಲು ಜಗಲಿಯಲ್ಲಿ ಕೂತ ಮುರ್ತಿನಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಬೇಕು. ಆಮೇಲೆ ಲೆಗಿನಾಳ ವಿಚಾರಣೆ: "ಎದೆ ಹಿಂಡುತ್ತಾ? ಕೈಗೋ ದವಡೆಗೋ ಹರಿಯುತ್ತಾ? ತಣ್ಣನೆ ಬೆವರಾ? ಉಸಿರು ಕಟ್ಟುತ್ತಾ? ಒಂದಿದ್ರೂ ನಾನು ನಾಣ್ಯ ಮುಟ್ಟಲ್ಲ!" ಸರ್ಜೋನೊ ಸಿಗರೇಟು ಬಿಟ್ಟಿದ್ದಾನೆ. ಎಣ್ಣೆಯಲ್ಲಿ ಕರಿದ ಸೋಯಾ ಕಾಳಿನ ತೆಂಪೆಯ ಎರಡನೇ ತುಂಡಿಗೆ ಕೈ ಹಾಕಿದರೆ ಹೆಂಡತಿ ಕೈಗೇ ಒಂದೇಟು ಕೊಡುತ್ತಾಳೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲಿ ಇದನ್ನು ಗ್ಯಾಸು ಅನ್ನುತ್ತೀರೇನೋ. ಸೋಡಾ ಕುಡಿದು, ಓಮ ಜಗಿದು ಕಾಯುತ್ತೀರೇನೋ. ಕಾಯಬೇಡಿ! ಎದೆ ಹಿಂಡಿದರೆ ಆ ಕ್ಷಣವೇ ಆಂಬುಲೆನ್ಸ್ ಕರೆಯಿರಿ, ಸಂಕೋಚ ಬೇಡ. ಈ ವಾರವೇ ರಕ್ತದೊತ್ತಡ ನೋಡಿಸಿಕೊಳ್ಳಿ. ಲೆಗಿನಾಳ ತಮ್ಮನಿಗೆ ಈ ಮಾತು ಹೇಳುವವರು ಯಾರೂ ಇರಲಿಲ್ಲ. ನಿಮಗೆ ಹೇಳಿದ್ದೇವೆ.