ಮೇನ್ ಸ್ವಿಚ್ಚಿನ ದೇವಿ

ಹೊನ್ನಾವರದ ಬಂದರು ಬೀದಿಯ ಅಕ್ಕಿ ಮಿಲ್ಲಿಗೆ ಕರೆಂಟು ಬಂದ ವರ್ಷ ಅದರ ಒಡೆಯ ಮಾಬ್ಲೇಶ್ವರ ನಾಯ್ಕರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲೈನ್‌ಮನ್ ಬಂದು ಮೇನ್ ಸ್ವಿಚ್ಚಿನ ಕೆಳಗೆ ರಬ್ಬರ್ ಚಾಪೆ ಹಾಸಿ, ಸ್ವಿಚ್ಚಿನ ಹಲಗೆಗೆ ತಲೆಬುರುಡೆಯ ಬೋರ್ಡು ತೂಗುಹಾಕಿ, "ಒದ್ದೆ ಕೈ ಬೇಡ, ಬರಿಗಾಲು ಬೇಡ. ಇದು ದೀಪದ ಕರೆಂಟಲ್ಲ, ಮೋಟಾರಿಂದು. ಹಿಡಿದ್ರೆ ಬಿಡೂದಿಲ್ಲ" ಎಂದು ಹೇಳಿ ಹೋದ. ಆತ ಅತ್ತ ಹೋದದ್ದೇ ತಡ, ನಾಯ್ಕರು ಬುರುಡೆ ಕಿತ್ತರು. ವ್ಯಾಪಾರದ ಜಾಗದಲ್ಲಿ ಅಂಥ ಅಪಶಕುನ ಯಾರು ಇಟ್ಟುಕೊಳ್ಳುತ್ತಾರೆ? ಅಲ್ಲೇ ಉದ್ದದ ಮೊಳೆ ಜಡಿದು, ತಗಡಿನ ಚೌಕಟ್ಟಿನ ಲಕ್ಷ್ಮೀ ಪಟ ಹಾಕಿದರು. ಮೊಳೆ ಹಲಗೆ ತೂರಿ ಹಿಂದಿನ ತಂತಿಗೆ ತಾಗಿದ್ದು ಅವರಿಗೆ ತಿಳಿಯಲಿಲ್ಲ. ದೇವಿ ಬಂದಮೇಲೆ ಎಲ್ಲರ ಚಪ್ಪಲಿ ಹೊರಗೆ ಹೋಯಿತು. ರಬ್ಬರ್ ಚಾಪೆಯೂ ಚಪ್ಪಲಿಯ ಜಾತಿಯದೇ ಎಂದು ಅದೂ ಹೋಯಿತು.

ಶುಕ್ರವಾರ ನಾಯ್ಕರು ಮಿಂದು, ಒದ್ದೆ ಪಂಚೆಯಲ್ಲೇ ಪಟಕ್ಕೆ ಹೂ ಮುಡಿಸಲು ಕೈ ಚಾಚಿದರು. "ಹೋ!" ಎಂದು ಕೂಗಿ ಅಕ್ಕಿ ಮೂಟೆಗಳ ಮೇಲೆ ಬಿದ್ದು ಗಡಗಡ ನಡುಗಿದರು. ಅಕ್ಕಿ ಕೇರುತ್ತಿದ್ದ ತಿಮ್ಮಕ್ಕ ಮೊರ ಬಿಸುಟು ಕೈಮುಗಿದಳು.

"ಒಡೇರ ಮೈಮೇಲೆ ದೇವಿ ಬಂತು!"

ನಾಯ್ಕರ ಕೈ ಉರಿಯುತ್ತಿತ್ತು. ಬಂದದ್ದು ಯಾರೆಂದು ಆ ಕೈಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆಳುಗಳೆಲ್ಲ ಅಡ್ಡಬಿದ್ದಿರುವಾಗ, ನನ್ನ ಪೆದ್ದುತನಕ್ಕೆ ಶಾಕ್ ಹೊಡೆಯಿತು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ನಡುಗಿದರು. ಗುಟ್ಟು ರಟ್ಟಾದೀತೆಂದು ಲೈನ್‌ಮನ್‌ಗೆ ಹೇಳಿಕಳಿಸಲೂ ಇಲ್ಲ. ಮರುದಿನದಿಂದ ಒಣ ಬಿದಿರು ಕೋಲಿನ ತುದಿಗೆ ಹೂ ಸಿಕ್ಕಿಸಿ ದೂರದಿಂದಲೇ ಏರಿಸತೊಡಗಿದರು. ಎಂಥ ವಿನಯದ ಭಕ್ತಿ ಎಂದು ಪೇಟೆಯವರು ಕೊಂಡಾಡಿದರು.

ಮುಂದಿನ ಶುಕ್ರವಾರ ನಾಯ್ಕರ ಹೆಂಡತಿ ಹೊನ್ನಮ್ಮ ಮಿಲ್ಲಿಗೆ ಬಂದಳು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳ ಮಡಿಲು ತುಂಬಿರಲಿಲ್ಲ. ಶರಾವತಿಯಲ್ಲಿ ಮುಳುಗೆದ್ದು, ನೀರು ಸುರಿಯುವ ಸೀರೆಯಲ್ಲಿ, ದೇವಿಯ ಪಾದ ಮುಟ್ಟಿ ಬೇಡಿಕೊಳ್ಳಲು ನೆಟ್ಟಗೆ ಪಟದತ್ತ ನಡೆದಳು. ನಾಯ್ಕರ ಜೀವ ಬಾಯಿಗೆ ಬಂತು. ಕರೆಂಟು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಿಂದೆ ಜನ ನೆರೆದಿದ್ದರು. ಕಳೆದ ವಾರದಂತೆಯೇ ಕಣ್ಣು ಮುಚ್ಚಿ ಮೈ ನಡುಗಿಸಿದರು.

"ಮುಟ್ಬೇಡ!" ಎಂದು ದೇವಿಯ ದನಿಯಲ್ಲಿ ಅರಚಿದರು. "ನಾನು ಮಡಿಯಲ್ಲಿದ್ದೇನೆ! ಯಾರೂ ಮುಟ್ಬೇಡಿ! ಲೈನ್‌ಮನ್ ಕರೀರಿ!"

ಹೊನ್ನಮ್ಮನ ಕೈ ಪಟಕ್ಕೆ ಗೇಣು ದೂರದಲ್ಲಿ ನಿಂತಿತು. ದೇವಿಗೆ ಲೈನ್‌ಮನ್ ಏಕೆ ಬೇಕಾಯಿತೆಂದು ಯಾರೂ ಕೇಳಲಿಲ್ಲ. ಅವನು ಬಂದು, ಕಂಬದಲ್ಲೇ ಕರೆಂಟು ತೆಗೆದು, ಮೊಳೆ ಕಿತ್ತ.

"ಇದನ್ನ ಹೊಡ್ದವ ಯಾರು ಮಾರಾಯ್ರೆ?"

"ದೇವಿನೇ ಹೊಡ್ಸಿದ್ದು" ಎಂದಳು ತಿಮ್ಮಕ್ಕ. ನಾಯ್ಕರು ಅಕ್ಕಿ ಮೂಟೆ ಎಣಿಸತೊಡಗಿದರು.

ಸಂಜೆ ನಾಯ್ಕರು ಊಟಕ್ಕೆ ಕೂತರೆ, ಹೊನ್ನಮ್ಮ ಬಡಿಸದೆ ಗೋಡೆಗೆ ಒರಗಿ ಅಳುತ್ತಿದ್ದಳು.

"ದೇವಿ ನನ್ನ ಮುಟ್ಬೇಡ ಅಂದ್ಳಲ್ಲ. ನಾ ಎಂತ ತಪ್ಪು ಮಾಡ್ದೆ?"

ಇಡೀ ಪೇಟೆಗೆ ಹೇಳಿದ ಸುಳ್ಳನ್ನು ಆ ಮುಖಕ್ಕೆ ಹೇಳಲು ನಾಯ್ಕರಿಂದ ಆಗಲಿಲ್ಲ.

"ದೇವಿ ಅಲ್ವೇ, ಕೂಗಿದ್ದು ನಾನು. ಪಟದಲ್ಲಿ ಕರೆಂಟಿತ್ತು. ಮೊಳೆ ಹೊಡ್ದವನೂ ನಾನೇ. ಮುಟ್ಟಿದ್ರೆ ನೀ ಸತ್ತೇ ಹೋಗ್ತಿದ್ದೆ."

ಅವಳು ಕಣ್ಣೊರೆಸಿಕೊಂಡು ಗಂಡನನ್ನೇ ನೋಡಿದಳು.

"ಇದು ಒಂದು ವಾರದಿಂದ ನಿಮಗೆ ಗೊತ್ತಿತ್ತಾ?"

ನಾಯ್ಕರು ಖಾಲಿ ಎಲೆಗೆ ನೀರು ಚಿಮುಕಿಸಿ ಒರೆಸತೊಡಗಿದರು.

"ನಾಳೆ ಮಿಲ್ಲಲ್ಲಿ ತಿಮ್ಮಕ್ಕನ ಎದ್ರಿಗೆ ಇಷ್ಟನ್ನೂ ಹೇಳಿ. ಆಮೇಲೆ ಊಟ" ಎಂದು ಹೊನ್ನಮ್ಮ ಅವರ ಮುಂದಿನ ಎಲೆ ಎತ್ತಿಕೊಂಡು ಒಳಗೆ ಹೋದಳು.