ಟೈಲರಮ್ಮನ ಅಭಿಪ್ರಾಯ

"ನಿನಗೆ ಕೊಟ್ಟ ಬೀದಿಯಲ್ಲಿ ಅರ್ಧಕ್ಕರ್ಧ ಜನ ಯುದ್ಧ ಬೇಡ ಅಂದಿದ್ದಾರಂತೆ. ಬೇಡ ಅಂದವರಿಗೆಲ್ಲ ಆಫೀಸಿಂದ ಫೋನ್ ಮಾಡಿಸಿದೆ. ಎಲ್ಲರೂ ಬೇಕು ಅಂತಾರೆ. ಎಲ್ಲಾದ್ರೂ ನೆರಳಲ್ಲಿ ಕೂತು ಫಾರಂ ನೀನೇ ತುಂಬಿದ್ಯೇನಮ್ಮ?"

ಸಮೀಕ್ಷೆ ಕಚೇರಿಯ ಮೇಲ್ವಿಚಾರಕನ ಮಾತಿಗೆ, ಮನೆಮನೆಗೆ ಹೋಗಿ ಅಭಿಪ್ರಾಯ ಬರೆದುಕೊಂಡು ಬಂದಿದ್ದ ಅವಳ ಮೈ ಉರಿಯಿತು. ಬಿಸಿಲಲ್ಲಿ ಮೆಟ್ಟಿಲು ಹತ್ತಿಳಿದು ಚಪ್ಪಲಿ ಸವೆಸಿದವಳೂ ಅವಳೇ, ಈಗ ಕಳ್ಳಿಯಾದವಳೂ ಅವಳೇ.

"ಬೇಕು ಅಂದವರಿಗೂ ಫೋನ್ ಮಾಡಿದ್ರಾ ಸರ್?"

"ಬೇಕು ಅಂದವರ ಮೇಲೇನು ಅನುಮಾನ ಪಡೋದು?"

"ಫೋನಲ್ಲಿ ಮೊದಲು ಏನ್ ಕೇಳ್ತೀರಿ?"

"ಹೆಸರು, ವಿಳಾಸ ಓದಿ ಸರೀನಾ ಅಂತೀವಿ. ಆಮೇಲೆ ಪ್ರಶ್ನೆ."

"ಹೆಸರು ಹಿಡಿದು ಕೇಳಿದ್ರೆ ಯಾರ್ ಸರ್ ಬೇಡ ಅಂತಾರೆ?"

"ನಿಯಮ ನಾನು ಮಾಡಿದ್ದಲ್ಲ. ಒಬ್ಬರ ಬಾಯಲ್ಲಾದ್ರೂ 'ಬೇಡ' ಅನ್ನಿಸಿ ರೆಕಾರ್ಡ್ ಮಾಡ್ಕೊಂಡು ಬಾ. ಇಲ್ಲದಿದ್ರೆ ನಾಳೆಯಿಂದ ಬರಬೇಡ."

ಅವಳು ನೇರ ಅದೇ ಬೀದಿಯ ಟೈಲರಮ್ಮನ ಮನೆಗೆ ಹೋದಳು. ಮೊದಲ ಸಲ ಹೋದಾಗ ಈಕೆ ಗುಂಡಿ ಹೊಲಿಯುತ್ತಲೇ, "ಯುದ್ಧ ಬೇಕು ಅನ್ನೋರು ತಂತಮ್ಮ ಮಕ್ಕಳನ್ನ ಕಳಿಸಲಿ. ಯೂನಿಫಾರ್ಮ್ ನಾನು ಬಿಟ್ಟಿ ಹೊಲಿದುಕೊಡ್ತೀನಿ" ಎಂದು ನಕ್ಕಿದ್ದಳು. ಈಗ ರೆಕಾರ್ಡ್ ಮಾಡಲು ಅವಳು ಹಿಡಿದ ಫೋನ್ ಕಂಡದ್ದೇ ಟೈಲರಮ್ಮ ಮಿಷನ್ ನಿಲ್ಲಿಸಿ ನೆಟ್ಟಗೆ ಕೂತಳು.

"ನನ್ನ ಬೆಂಬಲ ಇದೆ. ಪೂರ್ತಿ ಇದೆ. ಆಯ್ತಾ? ಆರಿಸು ಅದನ್ನ."

ಆರಿಸಿದಳು. "ಅಕ್ಕಾ, ಅವತ್ತು ಹೇಳಿದ್ದೇ ಹೇಳಿ. ನನ್ನ ಕೆಲಸ ಹೋಗುತ್ತೆ."

"ನಿನಗೆ ಕೆಲಸ, ನನಗೆ ತಮ್ಮ. ಅವನಿರೋದು ಗಡಿಯಲ್ಲಿ. ಅವನ ಅಕ್ಕ ಹೀಗಂದ್ಲು ಅಂತ ಗೊತ್ತಾದ್ರೆ ಇನ್ನೆಲ್ಲಿಗೆ ಅಟ್ಟುತ್ತಾರೋ! ನಿನ್ನನ್ನ ನಂಬಿ ಬಾಯಿ ಬಿಟ್ಟೆ ನೋಡು, ನನ್ನ ಬುದ್ಧಿಗೆ ಬೆಂಕಿ ಬೀಳ."

ಮೇಲ್ವಿಚಾರಕ ರೆಕಾರ್ಡಿಂಗ್ ಕೇಳಿ ತಲೆದೂಗಿದ.

"ಎಷ್ಟು ಸ್ಪಷ್ಟವಾಗಿ ಹೇಳಿದ್ದಾರೆ! ತಪ್ಪಾಗಿ ಗುರುತು ಹಾಕಿದೆ ಅಂತ ಒಪ್ಕೋ. ಇಡೀ ಬೀದಿಯ ಲೆಕ್ಕವನ್ನೇ ತಿದ್ದಿಬಿಡ್ತೀನಿ, ನಿನ್ನ ಕೆಲಸಾನೂ ಉಳಿಯುತ್ತೆ."

"ಆದ್ರೆ ಸರ್, ಅವರು ಹೆದರ್ಕೊಂಡು—"

"ಹೆದರಿಕೆಗೆ ನಮ್ಮಲ್ಲಿ ಕಾಲಂ ಇಲ್ಲಮ್ಮ."

ಅವಳು ಹಲ್ಲು ಕಚ್ಚಿಕೊಂಡು ಒಪ್ಪಿದಳು. ಸಂಜೆಯ ಸುದ್ದಿಯಲ್ಲಿ ಇಡೀ ಊರು ಯುದ್ಧದ ಬೆನ್ನಿಗೆ ನಿಂತಿತ್ತು. ನಿರೂಪಕನ ಮುಖದಲ್ಲಿ ಮದುವೆಮನೆಯ ಕಳೆ. ಅವಳು ಟೀವಿ ಆರಿಸಿ ರಿಮೋಟನ್ನು ಗೋಡೆಗೆ ಎಸೆದಳು.

ಮರುದಿನ ಪಕ್ಕದ ಬೀದಿ. ಮೊದಲ ಮನೆಯ ಮುದುಕ ಬಾಗಿಲನ್ನು ಮುಖ ಕಾಣುವಷ್ಟೇ ತೆರೆದ. ಕಚೇರಿಯಿಂದ ಫೋನ್ ಬರುವ ವಿಷಯ ಇಲ್ಲಿಗೂ ಮುಟ್ಟಿತ್ತು.

"ಏನು ಹೇಳಿದ್ರೆ ನಿಮ್ಮವರು ಮತ್ತೆ ಫೋನ್ ಮಾಡಲ್ಲ? ಅದನ್ನ ಹೇಳು ತಾಯಿ."

ಹೀಗೆ ಕೇಳಿದರೆ 'ನಿಮ್ಮ ಸ್ವಂತ ಅಭಿಪ್ರಾಯ ಹೇಳಿ' ಎನ್ನಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು.

"ಬೇಕು ಅನ್ನಿ ಅಜ್ಜಾ" ಎಂದಳು.

"ಹಾಗಾದ್ರೆ ಬೇಕು" ಎಂದು ಮುದುಕ ಬಾಗಿಲು ಹಾಕಿಕೊಂಡ.