ನಡುಹಗಲಿನ ನೆಂಟ

ಗರಿಯ ಚಾಮರ ಹಿಡಿದವರು ದೊರೆಯ ಶವಪೆಟ್ಟಿಗೆಯ ಮುಂದೆ ಸಾಲುಗಟ್ಟುತ್ತಿದ್ದಾಗಲೇ ನೊಹೆಯಾ ಎದ್ದು ಹೊರಟಳು. ಅಂಗಳದ ತುಂಬ ಗೋಳಾಟ. ದೊರೆಯ ಒಬ್ಬಳೇ ಮಗಳ ಕಣ್ಣಲ್ಲಿ ಮಾತ್ರ ಒಂದು ಹನಿಯಿಲ್ಲ.

“ಎಲ್ಲಿಗೇ? ಅಪ್ಪನ್ನ ಕಳಿಸಿಕೊಡದೇನೇ ಹೋಗ್ತೀಯಾ?” ಸೋದರತ್ತೆ ಮಾಲೂ ಕೈ ಹಿಡಿದಳು.

“ಅಪ್ಪನಂತೆ ಅಪ್ಪ! ನಿಮಗೆ ದೊರೆ. ನನಗೆ ವರ್ಷಕ್ಕೆ ಎರಡು ಸಲ ಬರೋ ನೆಂಟ. ಬಂದ ಕಾಲಲ್ಲೇ ಓಡ್ತಿದ್ದ. ನಮ್ಮಮ್ಮ ಬೆಸ್ತರ ಮನೆಯವಳು ಅಂತ ತಾನೇ?”

*

ದ್ವೀಪದೂರು ಲಹೈನಾದಲ್ಲಿ ಬಿಸಿಲು ನೆತ್ತಿಗೇರಿದಾಗ ದೊರೆ ಕಹೆಲೆಮೌನಾ ಅವಳ ಅಮ್ಮನ ಮನೆಗೆ ಬರುತ್ತಿದ್ದ. ಎಲೆಯಲ್ಲಿ ಸುತ್ತಿದ ಸುಟ್ಟ ಮೀನು ಕೊಟ್ಟು, ಮಗಳ ತಲೆ ನೇವರಿಸಿ, ತನ್ನ ಕಾಲಡಿ ನೋಡಿಕೊಳ್ಳುತ್ತಿದ್ದ. “ಹೊತ್ತಾಯ್ತು ಮಗಾ.” ಮೀನು ಇನ್ನೂ ಬಿಸಿಯಾಗಿರುತ್ತಿತ್ತು.

ಏಳನೆಯ ವಯಸ್ಸಿನಲ್ಲೊಮ್ಮೆ ಅವಳು ಹಿಂದೆ ಓಡಿದಳು. ಹೊತ್ತು ಒಂದಿಷ್ಟು ವಾಲಿತ್ತು. ಅವನು ಬೆಂಕಿ ತುಳಿದವನಂತೆ ಹಿಂದಕ್ಕೆ ಜಿಗಿದ. “ಹತ್ತಿರ ಬರಬೇಡ!”

ಆಮೇಲೆ ಅವಳು ಯಾವತ್ತೂ ಓಡಲಿಲ್ಲ.

*

ಬೇಲಿಯ ಬಳಿ ದೊರೆಯ ಮುದಿ ಸೇವಕ ಕಪೂಲೆ ಅಡ್ಡ ನಿಂತ.

“ಕೋಪ ಮಾಡ್ಕೋ ತಾಯಿ. ಆದ್ರೆ ಕೇಳಿಸ್ಕೊಂಡು ಹೋಗು. ದೊರೆ ಚಿಕ್ಕೋರಿದ್ದಾಗ ಗೆಳೆಯ ಒಬ್ಬ ಆಟದ ಭರದಲ್ಲಿ ಅವರ ನೆರಳು ತುಳಿದ. ದೊರೆ ಮನೆತನದೋರ ನೆರಳು ತುಳಿದ್ರೆ ಸಾವೇ ಅನ್ನೋ ಕಟ್ಟಳೆ ಆಗ. ದೊಡ್ಡೋರು ಅವತ್ತೇ ಅವನನ್ನ ಕೊಂದ್ರು. ಇವರ ಕಣ್ಣೆದುರಿಗೇ.”

“ಆ ಕಟ್ಟಳೆ ನಾನು ಹುಟ್ಟೋಕೆ ಮುಂಚೇನೇ ಹೋಯ್ತಲ್ಲ ಅಜ್ಜಾ!”

“ಕಟ್ಟಳೆ ಹೋಯ್ತು, ಅವರ ಭಯ ಹೋಗ್ಲಿಲ್ಲ. ತನ್ನ ನೆರಳು ಬಿದ್ರೆ ನೀನೂ ಸತ್ತೋಗ್ತೀಯ ಅಂತ ಹೆದರ್ತಿದ್ರು. ನೆರಳು ಪೂರ್ತಿ ಕಾಲಡಿಗೆ ಹೋಗೋದು ವರ್ಷದಲ್ಲಿ ಎರಡೇ ದಿನ. ಅಂಗಳದಲ್ಲಿ ಕೋಲು ನೆಟ್ಟು ಅದಕ್ಕೇ ಕಾಯ್ತಾ ಕೂತಿರ್ತಿದ್ರು. ‘ನಾಳೆ ಮಗು ತಲೆ ಮುಟ್ಟಬಹುದು ಕಪೂಲೆ’ ಅಂತಿದ್ರು.”

ನೊಹೆಯಾ ಬೇಲಿ ದಾಟದೆ ಅಲ್ಲೇ ನಿಂತಳು. ಇಷ್ಟು ವರ್ಷ ಅವನನ್ನು ಬೈದುಕೊಂಡೇ ಬದುಕಿದ್ದಳು. ಹಾಳು ಮನುಷ್ಯ, ಒಂದು ಮಾತು ಹೇಳಬಾರದಿತ್ತೇ!

ಇಳಿಹೊತ್ತು. ಹೆಗಲು ಕೊಟ್ಟವರು ಪೆಟ್ಟಿಗೆಯನ್ನು ಕಡಲ ದಾರಿಗೆ ತಂದರು. ಅದರ ನೆರಳು ದಾರಿಯ ಆಚೆಯವರೆಗೂ ಚಾಚಿತ್ತು. ಜನ ಹಳೆಯ ರೂಢಿಯಂತೆ ದೂರ ಸರಿದರು.

“ಈಚೆ ಬಾರೇ, ನೆರಳು ಬೀಳುತ್ತೆ!” ಅತ್ತೆ ಕೂಗಿದಳು.

ನೊಹೆಯಾ ದಾರಿಬದಿಯಲ್ಲಿ ಮಂಡಿಯೂರಿ ತಲೆ ಬಗ್ಗಿಸಿದಳು. ನೆರಳು ಅವಳ ನೆತ್ತಿ ಮುಟ್ಟಿತು, ಬೆನ್ನ ಮೇಲೆ ಹಾದು ಮುಂದೆ ಹೋಯಿತು. ಅವಳು ಎದ್ದಳು. ಅಳುತ್ತ ಅದರ ಹಿಂದೆ ಓಡಿ ಮತ್ತೆ ಅದರೊಳಗೆ ಸೇರಿಕೊಂಡಳು.